ಲಾರಿಯ ಅಗ್ನಿಗೋಡೆಯೂ ಅದನ್ನು ದಾಟುವ ತಂತಿಯೂ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ಕೊಠಡಿಯಲ್ಲಿ ವಚನಗಳ ಮೇಲೆ ಭಾಷಣಗಳಾಗಿವೆ, ದಾಸರ ಪದಗಳ ಮೇಲೆ ಆಗಿವೆ, ಪ್ರಾವಿಡೆಂಟ್ ಫಂಡಿನ ಲೆಕ್ಕದ ಮೇಲೂ ಆಗಿವೆ. ಲಾರಿಯ ಒಂದು ತಗಡಿನ ಮೇಲೆ ಭಾಷಣವೆಂದು ಫಲಕದಲ್ಲಿ ಬರೆದಾಗ ಕೆಲವು ಮಿತ್ರರು ನಕ್ಕರು. ನಗುವುದಕ್ಕೇನೂ ಅಡ್ಡಿಯಿಲ್ಲ. ಆದರೆ ವಡಾಲದಲ್ಲಿದ್ದುಕೊಂಡು ಲಾರಿಯ ಮಾತು ನಮಗೆ ಸಂಬಂಧಪಡದ್ದೆಂದು ಹೇಳಿದರೆ, ಉಪ್ಪಿನ ಆಗರದ ಪಕ್ಕದಲ್ಲಿ ಬಾಳಿ ಉಪ್ಪಿನ ಸುದ್ದಿ ಬೇಡವೆಂದಂತಾದೀತು.

ಈ ವಡಾಲಕ್ಕೂ ಸರಕು ಸಾಗಾಟಕ್ಕೂ ನಂಟು ಹಳೆಯದು. 1915ರಲ್ಲಿ ಬಂದರಿನವರ ರೈಲುಮಾರ್ಗ ಬಾಲಾರ್ಡ್ ಪಿಯರಿನಿಂದ ಇಲ್ಲಿಯವರೆಗೆ ಬಂದಿತು. ಹಡಗಿನಿಂದಿಳಿದ ಸರಕು ಇಲ್ಲಿಂದ ದೇಶದ ಒಳಗೆ ಹೋಗುತ್ತಿತ್ತು. ಮುಂದೆ ಊರಿನ ದಕ್ಷಿಣ ಭಾಗದ ಸಗಟು ಪೇಟೆಗಳಲ್ಲಿ ಲಾರಿಗಳ ಸಂದಣಿ ತಾಳಲಾರದಷ್ಟಾದಾಗ, ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದವರು ಇಲ್ಲಿಯೇ ಲಾರಿ ತಾಣವನ್ನು ಕಟ್ಟಿಸಿದರು. ವಾಹನ ನೋಂದಣಿಯ ಪೂರ್ವ ವಿಭಾಗದ ಕಚೇರಿಯೂ ಅದರ ಬಳಿಯಲ್ಲೇ ಇದೆ. ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವವರಲ್ಲಿ ಲಾರಿ ಓಡಿಸುವವರು, ಕ್ಲೀನರುಗಳು, ಹಮಾಲಿ ಮಾಡುವವರು, ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಬಿಲ್ಟಿ ಬರೆಯುವ ಗುಮಾಸ್ತರು ಎಲ್ಲರೂ ಇದ್ದಾರೆ. ಲಾರಿ ವ್ಯವಹಾರ ಕನ್ನಡಿಗರಿಗೆ ಹೊಸದೂ ಅಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ್ದು ಎಷ್ಟು ದೊಡ್ಡದಾಯಿತೆಂಬುದು ಎಲ್ಲರಿಗೂ ಗೊತ್ತು. ಆದರೆ ಇಂದಿನ ಮಾತು ಮಾಲೀಕರದಲ್ಲ. ಲಾರಿಯ ಕ್ಯಾಬಿನ್ನಿನಲ್ಲೇ ಉಂಡು ಅಲ್ಲಿಯೇ ಮಲಗುವವರದು.

ಮೊದಲು ಆ ತಗಡು ಯಾವುದೆಂದು ತಿಳಿಯೋಣ. ಮೂತಿ ಮುಂದಿರುವ ಲಾರಿಯಲ್ಲಿ ಇಂಜಿನ್ ಒಂದು ಕಡೆ, ಡ್ರೈವರನ ಕಾಲುಗಳು ಇನ್ನೊಂದು ಕಡೆ. ನಡುವೆ ಒಂದು ಉಕ್ಕಿನ ತಗಡಿನ ಗೋಡೆ. ಇಂಗ್ಲಿಷಿನಲ್ಲಿ ಅದನ್ನು ಫೈರ್‌ವಾಲ್ ಎನ್ನುತ್ತಾರೆ. ನಾವು ಅಗ್ನಿಗೋಡೆ ಎನ್ನಬಹುದು. ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡುವ ತರುಣರಿಗೆ ಈ ಹೆಸರು ಬೇರೆ ಅರ್ಥದಲ್ಲಿ ಪರಿಚಿತ. ಮೂಲದಲ್ಲಿ ಅದು ಕಟ್ಟಡದವರ ಮಾತು. ಒಂದು ಮನೆಗೆ ಹತ್ತಿದ ಬೆಂಕಿ ಪಕ್ಕದ ಮನೆಗೆ ದಾಟದಂತೆ ಎಬ್ಬಿಸುವ ಗೋಡೆಗೆ ಆ ಹೆಸರು. ಕಂಪ್ಯೂಟರಿನವರು ಅದನ್ನು ತೀರ ಈಚೆಗೆ ಎರವಲು ಪಡೆದರು.

ನಮ್ಮ ಊರ ಕಡೆಯ ಅಡಿಗೆಮನೆಯನ್ನು ನೆನೆಯಿರಿ. ಒಲೆಯ ಹಿಂದೆ ದಪ್ಪ ಮಣ್ಣಿನ ಗೋಡೆ, ಹೊಗೆ ಹೋಗಲು ಮೇಲೊಂದು ಬೆಳಕಿಂಡಿ. ಗೋಡೆಯ ಆಚೆ ಮೇವಿನ ಬಣವೆ ಇದ್ದರೂ ಅಜ್ಜಿ ನಿಶ್ಚಿಂತೆಯಿಂದ ಅಡಿಗೆ ಮಾಡುತ್ತಿದ್ದಳು. ಅದೇ ಗೋಡೆಯಲ್ಲಿ ಯಾರಾದರೂ ಒಲೆಯ ಸಮಕ್ಕೆ ಒಂದು ತೂತು ಕೊರೆದು, ಅದರೊಳಗಿಂದ ಹಗ್ಗ ಎಳೆದು ಬಣವೆಗೆ ಕಟ್ಟಿದರೆ ಅಜ್ಜಿ ಏನನ್ನುತ್ತಿದ್ದಳು? ಲಾರಿಯಲ್ಲಿ ನಾವು ನಿತ್ಯ ಮಾಡುವುದು ಇದನ್ನೇ.

ಆ ತಗಡು ಬೆಂಕಿಯನ್ನಷ್ಟೇ ಅಲ್ಲ, ಕಾವನ್ನೂ ಹೊಗೆಯನ್ನೂ ಸದ್ದನ್ನೂ ತಡೆಯುತ್ತದೆ. ಹಾಗೆಂದು ಅದು ಪೂರ್ತಿ ಮುಚ್ಚಿದ ಗೋಡೆಯಲ್ಲ. ಸ್ಟೀಯರಿಂಗಿನ ದಂಡ, ಕ್ಲಚ್ಚಿನ ಮತ್ತು ಬ್ರೇಕಿನ ಕೊಳವೆಗಳು, ಎಕ್ಸಿಲರೇಟರಿನ ಕೊಂಡಿ, ವಿದ್ಯುತ್ ತಂತಿಗಳ ದೊಡ್ಡ ಕಟ್ಟು ಇವೆಲ್ಲ ಅದನ್ನು ದಾಟಿಯೇ ಬರಬೇಕು. ಕಾರ್ಖಾನೆಯವರು ಈ ಒಂದೊಂದು ತೂತಿಗೂ ರಬ್ಬರಿನ ಬಳೆ ತೊಡಿಸಿ ಕಳಿಸುತ್ತಾರೆ. ಅಂಗಡಿಯಲ್ಲಿ ಅದನ್ನು ಗ್ರಾಮೆಟ್ ಎಂದು ಕೇಳಬೇಕು. ಕೆಲವು ಮಿಸ್ತ್ರಿಗಳು ರಬ್ಬರ್ ಬುಶ್ ಎಂದೂ ಅನ್ನುತ್ತಾರೆ. ನಮ್ಮ ಕಥೆ ಶುರುವಾಗುವುದು ಕಾರ್ಖಾನೆಯ ತೂತುಗಳಿಂದಲ್ಲ, ಆಮೇಲೆ ಗ್ಯಾರೇಜಿನಲ್ಲಿ ಕೊರೆದ ತೂತುಗಳಿಂದ.

ಇದಕ್ಕೆ ನಮ್ಮ ದೇಶದಲ್ಲಿ ಒಂದು ವಿಶೇಷ ಕಾರಣವುಂಟು. 1940ರ ದಶಕದ ಕೊನೆಯಲ್ಲಿ ಇಲ್ಲಿಗೆ ಸಮೀಪದ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಡಾಜ್ ಮತ್ತು ಫಾರ್ಗೊ ಲಾರಿಗಳ ಜೋಡಣೆ ನಡೆಯಿತು. 1954ರಲ್ಲಿ ಜಮಶೇದಪುರದಿಂದ ಟಾಟಾ ಮರ್ಸಿಡಿಸ್ ಲಾರಿ ಹೊರಬಂದಿತು. ಮದರಾಸಿನ ಬಳಿ ಎಣ್ಣೂರಿನಿಂದ ಅಶೋಕ್ ಲೇಲ್ಯಾಂಡ್ ಬಂದಿತು. ಆಗಿನಿಂದ ಬಹುಕಾಲ ಕಾರ್ಖಾನೆಯವರು ಮಾರುತ್ತಿದ್ದುದು ಪೂರ್ತಿ ಲಾರಿಯನ್ನಲ್ಲ. ಚಾಸಿ, ಇಂಜಿನ್, ಗಾಲಿಗಳು, ಮುಂದಿನ ಮೂತಿ ಮತ್ತು ಈ ಗೋಡೆ, ಇಷ್ಟೇ. ಡ್ರೈವರನು ಅದರ ಮೇಲೆ ತಾತ್ಕಾಲಿಕ ಆಸನದಲ್ಲಿ ಕುಳಿತು, ತಲೆಗೆ ರುಮಾಲು ಬಿಗಿದು, ಗಾಳಿ ಮಳೆಗೆ ಮೈಯೊಡ್ಡಿ ನೂರಾರು ಮೈಲು ಓಡಿಸಿಕೊಂಡು ಬಾಡಿ ಕಟ್ಟುವವರ ಬಳಿಗೆ ಹೋಗುತ್ತಿದ್ದ. ಹೆದ್ದಾರಿಯಲ್ಲಿ ಇಂಥ ಅರ್ಧ ಲಾರಿಗಳ ಸಾಲನ್ನು ನೋಡದವರು ನಮ್ಮಲ್ಲಿ ಕಡಿಮೆ. ತಮಿಳುನಾಡಿನ ನಾಮಕ್ಕಲ್ಲಿನಂಥ ಊರುಗಳು ಈ ಬಾಡಿ ಕಟ್ಟುವ ಕಸುಬಿನಿಂದಲೇ ಹೆಸರಾದವು. ಅಲ್ಲಿ ಬಡಗಿಗಳು ಮರದಿಂದ ಕ್ಯಾಬಿನ್ ಕಟ್ಟಿ, ತಗಡು ಹೊದಿಸಿ, ಬಣ್ಣ ಬಳಿದು, ದೇವರ ಪಟಕ್ಕೆ ಗೂಡು ಮಾಡಿ ಕೊಡುತ್ತಿದ್ದರು.

ಅಂದರೆ ಅಗ್ನಿಗೋಡೆ ಒಂದು ಗಡಿಯಾಗಿತ್ತು. ಗೋಡೆಯ ಮುಂದಿನದು ಇಂಜಿನಿಯರರ ಕೆಲಸ. ಗೋಡೆಯ ಹಿಂದಿನದು ಬಡಗಿಯದು, ಬೀದಿಯ ಎಲೆಕ್ಟ್ರಿಕ್ ಮಿಸ್ತ್ರಿಯದು. ಎರಡು ಊರುಗಳ ಗಡಿಯಲ್ಲಿರುವ ಬಾವಿಯನ್ನು ಯಾರು ತೋಡಿಸಬೇಕೆಂಬ ಜಗಳ ತೀರುವುದಿಲ್ಲವಲ್ಲ, ಹಾಗೆಯೇ ಇದೂ. ಕಾರ್ಖಾನೆಯವನು ತನ್ನ ತೂತುಗಳಿಗೆ ಜವಾಬುದಾರ. ಮಿಸ್ತ್ರಿ ದೀಪ ಹತ್ತಿದರೆ ಸಾಕೆನ್ನುತ್ತಾನೆ. ಮಾಲೀಕನಿಗೆ ಲಾರಿ ಬೇಗ ಹೊರಡಬೇಕು. ಹೊಸ ತೂತನ್ನು ಕೇಳುವವರೇ ಇಲ್ಲ. ಈಗ ಹೆಚ್ಚಿನ ಲಾರಿಗಳು ಕಾರ್ಖಾನೆಯ ಉಕ್ಕಿನ ಕ್ಯಾಬಿನ್ನಿನೊಂದಿಗೇ ಬರುತ್ತವೆ ನಿಜ. ಆದರೂ ಆ ಹಳೆಯ ರೂಢಿ ಹೋಗಿಲ್ಲ. ಹೊಸ ಲಾರಿ ಬಂದ ವಾರದಲ್ಲೇ ಹೆಚ್ಚಿನ ದೀಪಗಳು, ಗಟ್ಟಿ ಹಾರ್ನ್, ಕ್ಯಾಬಿನ್ನಿಗೆ ಫ್ಯಾನು, ಹಾಡಿನ ಪೆಟ್ಟಿಗೆ, ಲಾರಿ ಎಲ್ಲಿದೆಯೆಂದು ಮಾಲೀಕನಿಗೆ ತಿಳಿಸುವ ಜಿ.ಪಿ.ಎಸ್. ಡಬ್ಬಿ, ಮೊಬೈಲ್ ಚಾರ್ಜರ್ ಇವೆಲ್ಲ ಸೇರುತ್ತವೆ. ಇವುಗಳ ತಂತಿಗಳಲ್ಲಿ ಅನೇಕವು ಬ್ಯಾಟರಿಯಿಂದ ನೇರವಾಗಿ ಹೊರಟು ಗೋಡೆ ದಾಟುತ್ತವೆ.

ಇಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ಹೆಸರುಗಳು ಬೇಡ. ನಮ್ಮ ವಾಚನಾಲಯಕ್ಕೆ ಬರುವ ವಿಜಯಪುರ ಜಿಲ್ಲೆಯ ಒಬ್ಬ ಡ್ರೈವರರು ಮಳೆಗಾಲದ ಒಂದು ರಾತ್ರಿ ಖಂಬಾಟಕಿ ಘಾಟು ದಾಟಿದ ಮೇಲೆ ಧಾಬಾದ ಬಳಿ ಲಾರಿ ನಿಲ್ಲಿಸಿ ಕ್ಯಾಬಿನ್ನಿನಲ್ಲಿ ಮಲಗಿದ್ದರು. ಸೆಕೆಯೆಂದು ಫ್ಯಾನು ತಿರುಗುತ್ತಿತ್ತು. ಕ್ಲೀನರ್ ಹುಡುಗ ಎಬ್ಬಿಸಿದ: “ಅಣ್ಣಾರ, ಏನೋ ಸುಟ್ಟ ನಾತ ಬರಾಕತ್ತೈತ್ರಿ.” ಇವರು, “ಹೊರಗ ಯಾರೋ ಕಸ ಸುಟ್ಟಾರ, ಮಲ್ಕೋ ತಮ್ಮಾ” ಎಂದು ಮಗ್ಗುಲಾದರು. ಹುಡುಗ ಮಲಗಲಿಲ್ಲ. ಕತ್ತಲಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದ. ಅಂಗೈ ಸುಟ್ಟಿತು. ಡ್ರೈವರರು ಎದ್ದವರೇ ಫ್ಯಾನಿನ ಗುಂಡಿ ಒತ್ತಿ ನಿಲ್ಲಿಸಿದರು, ಬೀಗದಕೈ ತೆಗೆದರು. ಹೊಗೆ ನಿಲ್ಲಲಿಲ್ಲ. ಕೊನೆಗೆ ಹುಡುಗನೇ ಪಾನಾ ತಂದು ಬ್ಯಾಟರಿಯ ಕೊಂಡಿ ಕಳಚಿದ. ಆಗ ನಿಂತಿತು. ಸುಟ್ಟ ತಂತಿಯ ತುಂಡನ್ನು ಅವರು ನಮಗೆ ತಂದುಕೊಟ್ಟಿದ್ದಾರೆ. ಅದು ಇಲ್ಲಿದೆ, ಕೈಯಿಂದ ಕೈಗೆ ದಾಟಿಸಿ ನೋಡಿರಿ. ಒಂದು ಕಡೆ ಪ್ಲಾಸ್ಟಿಕ್ಕಿನ ತೊಗಲು ಕತ್ತಿಯಿಂದ ಕೆರೆದ ಹಾಗೆ ನುಣ್ಣಗೆ ಸವೆದಿದೆ, ಅದರ ಪಕ್ಕದಿಂದ ಕಪ್ಪಾಗಿ ಕರಗಿದೆ. ಸವೆದದ್ದು ಅಗ್ನಿಗೋಡೆಯ ತೂತಿನ ಅಂಚಿನಲ್ಲಿ. ಫ್ಯಾನು ಹಾಕಿಕೊಟ್ಟ ಅಂಗಡಿಯವನು ಹೊಸ ತೂತಿಗೆ ಬಳೆ ಹಾಕಿರಲಿಲ್ಲ. ತಂತಿಗೆ ಎರಡು ಸುತ್ತು ಕಪ್ಪು ಟೇಪು ಸುತ್ತಿ ಬಿಟ್ಟಿದ್ದ.

ಗುಂಡಿ ಒತ್ತಿ ಫ್ಯಾನು ನಿಲ್ಲಿಸಿದರೂ ಹೊಗೆ ಏಕೆ ನಿಲ್ಲಲಿಲ್ಲ ಎಂದು ಆ ಡ್ರೈವರರು ಕೇಳಿದರು. ಈ ಭಾಷಣ ಹುಟ್ಟಿದ್ದು ಆ ಪ್ರಶ್ನೆಯಿಂದ. ಪುಸ್ತಕಗಳನ್ನು ನೋಡಿ, ತಿಳಿದ ಮಿಸ್ತ್ರಿಗಳನ್ನು ಕೇಳಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ.

ಮನೆಯ ದೀಪಕ್ಕೆ ಎರಡು ತಂತಿ ಬೇಕು, ಹೋಗಲು ಒಂದು, ಮರಳಲು ಒಂದು. ಲಾರಿಯಲ್ಲಿ ಸಾಮಾನ್ಯವಾಗಿ ಒಂದೇ ತಂತಿ. ಮರಳುವ ದಾರಿ ಲಾರಿಯ ಉಕ್ಕಿನ ಮೈಯೇ. ಬ್ಯಾಟರಿಯ ನೆಗೆಟಿವ್ ಕೊಂಡಿಯನ್ನು ಚಾಸಿಗೆ ಬಿಗಿದಿರುತ್ತಾರೆ. ಆದುದರಿಂದ ಪಾಸಿಟಿವ್ ತಂತಿಯ ತೊಗಲು ಎಲ್ಲಿ ಸವೆದು ತಾಮ್ರ ಉಕ್ಕಿಗೆ ತಾಗಿತೋ ಅಲ್ಲಿಂದಲೇ ವಿದ್ಯುತ್ತು ಬ್ಯಾಟರಿಗೆ ಮರಳುತ್ತದೆ. ಫ್ಯಾನಿನವರೆಗೆ ಹೋಗುವ ಶ್ರಮವನ್ನೇ ತೆಗೆದುಕೊಳ್ಳುವುದಿಲ್ಲ. ಫ್ಯಾನಿನ ಗುಂಡಿ ಇರುವುದು ಕ್ಯಾಬಿನ್ನಿನ ಒಳಗೆ, ತಂತಿ ತಾಗಿದ್ದು ಅದಕ್ಕಿಂತ ಹಿಂದೆ, ಗೋಡೆಯಲ್ಲಿ. ಕಾಲುವೆಯ ಕೊನೆಯ ತೂಬು ಮುಚ್ಚಿದರೆ ನಡುವೆ ಒಡೆದ ಏರಿಯ ನೀರು ನಿಂತೀತೆ?

ಆ ನೀರಿನ ರಭಸ ಎಷ್ಟೆಂಬುದನ್ನೂ ತಿಳಿಯಬೇಕು. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಪಣಿಯಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. 24 ವೋಲ್ಟ್ ಮುಟ್ಟಿದರೆ ಮೈ ಜುಮ್ಮೆನ್ನುವುದೂ ಇಲ್ಲ. ಅದರಿಂದಲೇ ಅದನ್ನು ಸಾಧುವೆಂದು ತಿಳಿಯುತ್ತೇವೆ. ಆದರೆ ಆ ಭಾರಿ ಇಂಜಿನ್ನನ್ನು ತಿರುಗಿಸಿ ಎಬ್ಬಿಸುವುದು ಅದೇ ಬ್ಯಾಟರಿ. ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಮೂರು ಮೀಟರು ದೂರದಲ್ಲಿ ಉಕ್ಕಿಗೆ ಚೆನ್ನಾಗಿ ತಾಗಿದರೆ ಐದುನೂರು ಆಂಪಿಯರಿಗೂ ಮಿಕ್ಕಿ ಹರಿಯಬಲ್ಲದು. ಆ ತಂತಿ ನಿಶ್ಚಿಂತೆಯಿಂದ ಹೊರಬಲ್ಲದ್ದು ಇಪ್ಪತ್ತು ಆಂಪಿಯರಿನ ಆಸುಪಾಸು. ತೊಗಲು ಮೊದಲು ಮೆತ್ತಗಾಗುತ್ತದೆ, ಆಮೇಲೆ ಹೊಗೆಯಾಡುತ್ತದೆ, ತಾಮ್ರ ಕೆಂಪಗೆ ಕಾಯುತ್ತದೆ. ಪಿ.ವಿ.ಸಿ. ಸುಟ್ಟ ಹೊಗೆಯಲ್ಲಿ ಕಣ್ಣು ಗಂಟಲು ಉರಿಸುವ ಆಮ್ಲದ ಅನಿಲವಿರುತ್ತದೆ. ಮಲಗಿದವನು ಬೆಂಕಿಗಿಂತ ಮೊದಲು ಆ ಹೊಗೆಗೆ ಸಿಕ್ಕುತ್ತಾನೆ. ಆ ರಾತ್ರಿ ತಂತಿ ಪೂರ್ತಿಯಾಗಿ ತಾಗಿರಲಿಲ್ಲ, ತಾಗಿಯೂ ತಾಗದಂತೆ ಇತ್ತು. ಅದರಿಂದ ಹುಡುಗನಿಗೆ ಪಾನಾ ಹುಡುಕುವಷ್ಟು ಹೊತ್ತು ಸಿಕ್ಕಿತು.

ತಂತಿ ಏಕೆ ಸವೆಯಿತು? ತಗಡು ತೆಳ್ಳಗಿನದು. ಡ್ರಿಲ್ಲಿನಿಂದ ಕೊರೆದ ತೂತಿನ ಅಂಚು ಗರಗಸದಂತೆ ಚೂಪಾಗಿರುತ್ತದೆ. ಇಂಜಿನ್ ನಡುಗುತ್ತದೆ, ರಸ್ತೆ ಕುಲುಕಿಸುತ್ತದೆ, ತಂತಿ ಆ ಅಂಚಿನ ಮೇಲೆ ಹಗಲಿರುಳು ಉಜ್ಜುತ್ತಿರುತ್ತದೆ. ಮುಂಬಯಿಯಿಂದ ಹುಬ್ಬಳ್ಳಿಗೆ ಹೋಗಿಬರುವಷ್ಟರಲ್ಲಿ ಎಷ್ಟು ಲಕ್ಷ ಸಲ ಉಜ್ಜುತ್ತದೆಂಬುದನ್ನು ಲೆಕ್ಕದವರೇ ಮಾಡಲಿ. ಕಪ್ಪು ಟೇಪು ಇಂಜಿನ್ನಿನ ಕಾವಿಗೆ ಅಂಟು ಬಿಡುತ್ತದೆ. ಮೂರು ತಿಂಗಳಲ್ಲಿ ಅದು ಬಿಚ್ಚಿ ನೇತಾಡುವುದನ್ನು ಯಾವ ಹಳೆಯ ಲಾರಿಯಲ್ಲಾದರೂ ನೋಡಬಹುದು.

ಇನ್ನು ಫ್ಯೂಜಿನ ವಿಷಯ. ಇದರಲ್ಲಿ ಬಹಳ ಜನಕ್ಕೆ ಒಂದು ತಪ್ಪು ತಿಳಿವಳಿಕೆಯುಂಟು. ಫ್ಯೂಜು ಇರುವುದು ದೀಪವನ್ನೋ ಫ್ಯಾನನ್ನೋ ಕಾಯುವುದಕ್ಕೆಂದು ತಿಳಿದು ಅದನ್ನು ಫ್ಯಾನಿನ ಹತ್ತಿರ ಹಾಕುತ್ತಾರೆ. ಫ್ಯೂಜು ಕಾಯುವುದು ಮುಖ್ಯವಾಗಿ ತಂತಿಯನ್ನು. ಅದೂ ತನ್ನಿಂದ ಮುಂದಿನ ತಂತಿಯನ್ನು ಮಾತ್ರ. ಬ್ಯಾಟರಿಯಿಂದ ಫ್ಯೂಜಿನವರೆಗಿನ ತಂತಿಗೆ ದಿಕ್ಕಿಲ್ಲ. ಆದುದರಿಂದ ಫ್ಯೂಜು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು, ತಂತಿ ಗೋಡೆ ದಾಟುವ ಮೊದಲೇ ಇರಬೇಕು. ಆ ಡ್ರೈವರರ ಲಾರಿಯಲ್ಲಿ ಹಾಗೆ ಇದ್ದಿದ್ದರೆ, ತಂತಿ ಬಲವಾಗಿ ತಾಗಿದ ಕ್ಷಣವೇ ಫ್ಯೂಜು ಕರಗಿ ಫ್ಯಾನು ನಿಲ್ಲುತ್ತಿತ್ತು, ಅಷ್ಟೇ. ಬೆವರಿ ಎದ್ದು ಬೈದುಕೊಳ್ಳುತ್ತಿದ್ದರು.

ಆದರೆ ಫ್ಯೂಜಿದ್ದ ಮಾತ್ರಕ್ಕೆ ಬಳೆ ಬೇಡವೆನ್ನಬಾರದು. ತಂತಿ ತಾಗುತ್ತ ಬಿಡುತ್ತ ಕಿಡಿ ಹಾರಿಸುತ್ತಿದ್ದರೆ ಫ್ಯೂಜು ಕರಗದೆಯೂ ಇರಬಹುದು. ಆ ಕಿಡಿ ಎಣ್ಣೆಯ ಜಿಡ್ಡಿಗೋ ಗೋಡೆಗೆ ಹೊದಿಸಿದ ಹಳೆಯ ಹೊದಿಕೆಗೋ ಹತ್ತಿದರೆ ಸಾಕು. ಬಳೆ ಕೆಡುಕನ್ನು ಬಾರದಂತೆ ತಡೆಯುತ್ತದೆ, ಫ್ಯೂಜು ಬಂದ ಕೆಡುಕನ್ನು ಮೊಟಕು ಮಾಡುತ್ತದೆ. ಎರಡೂ ಬೇಕು.

ಫ್ಯೂಜು ಹೋದಾಗ ಅದರ ಜಾಗದಲ್ಲಿ ತಾಮ್ರದ ಎಳೆ ಸುತ್ತುವುದು, ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ತುರುಕುವುದು, 10ರ ಜಾಗಕ್ಕೆ 30 ಹಾಕುವುದು, ಇವನ್ನೆಲ್ಲ ದಾರಿಯಲ್ಲಿ ನಮ್ಮವರು ಜಾಣತನವೆಂದೇ ತಿಳಿದಿದ್ದಾರೆ. ಕಾವಲುಗಾರ ಮಲಗಿದನೆಂದು ಬಾಗಿಲಿಗೆ ಬೆದರುಬೊಂಬೆ ನಿಲ್ಲಿಸಿದಂತೆ ಅದು. ಈಗಿನ ಚಪ್ಪಟೆ ಫ್ಯೂಜುಗಳ ಬಣ್ಣಗಳನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. 10 ಆಂಪಿಯರಿನದು ಕೆಂಪು, 15ರದು ನೀಲಿ, 20ರದು ಹಳದಿ, 30ರದು ಹಸಿರು. ಇಂಗ್ಲಿಷ್ ಅಂಕಿ ಅಳಿಸಿದ್ದರೂ ಬಣ್ಣ ಹೇಳುತ್ತದೆ. ಕೆಂಪಿನ ಜಾಗದಲ್ಲಿ ಹಸಿರು ಕಂಡರೆ ಯಾರೋ ಕೈಯಾಡಿಸಿದ್ದಾರೆಂದು ತಿಳಿಯಿರಿ.

ಯಾವುದಕ್ಕೆ ಎಷ್ಟರ ಫ್ಯೂಜು ಎಂಬ ಲೆಕ್ಕ ಮೂರನೆಯ ಇಯತ್ತೆಯ ಭಾಗಾಕಾರವಷ್ಟೇ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 70 ವ್ಯಾಟಿನ ಎರಡು ದೀಪಗಳೆಂದರೆ 140 ವ್ಯಾಟ್. 24ರಿಂದ ಭಾಗಿಸಿದರೆ ಸುಮಾರು 6. ಇದಕ್ಕೆ 10ರ ಫ್ಯೂಜು, ಒಂದೂವರೆ ಚದರ ಮಿಲಿಮೀಟರಿನ ತಂತಿ ಸಾಕು. ಊರೊಳಗೆ ಓಡಾಡುವ ಚಿಕ್ಕ ಟೆಂಪೋಗಳಲ್ಲಿ 12 ವೋಲ್ಟ್ ಇರುವುದರಿಂದ ಅಷ್ಟೇ ಬೆಳಕಿಗೆ ಎರಡು ಪಟ್ಟು ಆಂಪಿಯರ್ ಹರಿಯುತ್ತದೆ, ತಂತಿಯೂ ದಪ್ಪ ಬೇಕು. ಫ್ಯೂಜು ಕೆಲಸಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಮೇಲೆ, ತಂತಿ ಹೊರಬಲ್ಲದ್ದಕ್ಕಿಂತ ಕೆಳಗೆ ಇರಬೇಕು. ಮನೆಯ ವೈರಿಂಗಿನಲ್ಲಿ ಉಳಿದ ತಂತಿಯನ್ನು ಲಾರಿಗೆ ಹಾಕುವವರಿದ್ದಾರೆ. ಅದು ಸಲ್ಲದು. ಗಟ್ಟಿಯಾದ ಒಂಟಿ ಎಳೆಯದಾದರೆ ನಡುಕಕ್ಕೆ ಒಳಗೊಳಗೇ ಮುರಿಯುತ್ತದೆ. ಮನೆಯ ಸಾಧಾರಣ ತಂತಿಯ ತೊಗಲು 70 ಡಿಗ್ರಿ ಕಾವಿಗಾಗಿ ಮಾಡಿದ್ದು, ಇಂಜಿನ್ನಿನ ಪಕ್ಕದಲ್ಲಿ ಅದು ಬಾಳುವುದಿಲ್ಲ. ವಾಹನಕ್ಕೆಂದೇ ಮಾಡಿದ, ಸಣ್ಣ ಸಣ್ಣ ಎಳೆಗಳ, 105 ಡಿಗ್ರಿ ತಾಳುವ ತಂತಿಯನ್ನು ಕೇಳಿ ತರಬೇಕು.

ಈಗ ತೂತನ್ನೇ ನೋಡೋಣ. ಎಲ್ಲಕ್ಕಿಂತ ಒಳ್ಳೆಯ ತೂತೆಂದರೆ ಕೊರೆಯದೆ ಬಿಟ್ಟ ತೂತು. ಕಾರ್ಖಾನೆಯವರೇ ಮುಂದೆ ಬೇಕಾದೀತೆಂದು ಒಂದೆರಡು ತೂತು ಮಾಡಿ ರಬ್ಬರಿನ ಬಿರಡೆ ಜಡಿದಿರುವುದುಂಟು. ಬ್ಯಾಟರಿ ಹಿಡಿದು ಹುಡುಕಿದರೆ (ಕೈದೀಪದ ಬ್ಯಾಟರಿ ಎಂದು ನಮ್ಮ ಅರ್ಥ) ಪೆಡಲುಗಳ ಮೇಲುಭಾಗದಲ್ಲಿ ಸಿಕ್ಕೀತು. ಸಿಕ್ಕದಿದ್ದರೆ ಮಾತ್ರ ಡ್ರಿಲ್ಲು. ಡ್ರಿಲ್ಲು ಹಿಡಿಯುವ ಮೊದಲು ಬ್ಯಾಟರಿಯ ನೆಗೆಟಿವ್ ಕೊಂಡಿಯನ್ನು ಕಳಚಿಡಬೇಕು. ಪಾಸಿಟಿವ್ ಕೊಂಡಿಗೆ ಮೊದಲು ಕೈ ಹಾಕಿದರೆ ಪಾನಾ ಚಾಸಿಗೆ ತಾಗಿ ಕಿಡಿ ಹಾರುತ್ತದೆ. ಆಮೇಲೆ ಗೋಡೆಯ ಆಚೆ ಬದಿಯಲ್ಲಿ ಏನಿದೆಯೆಂದು ಕಣ್ಣಾರೆ ನೋಡಬೇಕು. ಈ ಮಾತಿಗೆ ಮಿಸ್ತ್ರಿಗಳು ಬೇಸರಪಡುತ್ತಾರೆ. ಆದರೆ ತಗಡು ಮುಗಿದೊಡನೆ ಡ್ರಿಲ್ಲು ಅಂಗುಲದಷ್ಟು ಮುಂದಕ್ಕೆ ನುಗ್ಗುತ್ತದೆ. ಅಲ್ಲಿ ಬ್ರೇಕಿನ ಕೊಳವೆಯೋ ಮೂಲ ತಂತಿಗಳ ಕಟ್ಟೋ ಇದ್ದರೆ, ಫ್ಯಾನು ಹಾಕಿಸಲು ಹೋಗಿ ಬ್ರೇಕು ಕಳೆದುಕೊಂಡಂತಾಯಿತು. ಡ್ರಿಲ್ಲಿಗೆ ಮರದ ತುಂಡನ್ನು ತಡೆಯಾಗಿ ತೊಡಿಸುವ ಜಾಣರನ್ನೂ ನಾವು ಬಲ್ಲೆವು.

ಕೊರೆದ ಮೇಲೆ ಅಂಚನ್ನು ಎರಡೂ ಕಡೆಯಿಂದ ಅರದಿಂದ, ನಮ್ಮ ಕಡೆಯವರು ಕಾನಸು ಎನ್ನುವುದರಿಂದ, ಉಜ್ಜಿ ನಯ ಮಾಡಬೇಕು. ಬರಿದಾದ ಉಕ್ಕಿಗೆ ಬಣ್ಣ ಹಚ್ಚಬೇಕು. ಈ ಊರಿನ ಉಪ್ಪುಗಾಳಿಗೆ ಬರಿ ಉಕ್ಕು ಒಂದು ಮಳೆಗಾಲಕ್ಕೆ ಬಾಳುವುದಿಲ್ಲ, ತುಕ್ಕಿನ ಅಂಚು ಹೊಸ ಅಂಚಿಗಿಂತ ಕೆಟ್ಟದು. ಆಮೇಲೆ ಬಳೆ. ಬಳೆಯ ಹೊರಸುತ್ತಿನಲ್ಲಿ ಒಂದು ಗಾಡಿ ಇರುತ್ತದೆ, ತಗಡು ಅದರೊಳಗೆ ಕೂರಬೇಕು. ತೂತು ದೊಡ್ಡದಾದರೆ ಬಳೆ ಉದುರುತ್ತದೆ, ಚಿಕ್ಕದಾದರೆ ಮಡಚಿ ಹರಿಯುತ್ತದೆ. ಆದುದರಿಂದ ಬಳೆಯನ್ನು ಮೊದಲು ಕೊಂಡು, ಅದರ ಗಾಡಿಯನ್ನು ಅಳೆದು, ಆಮೇಲೆ ಕೊರೆಯಬೇಕು. ಬಳೆಗಾರನು ಕೈ ನೋಡಿ ಬಳೆ ತೊಡಿಸುತ್ತಾನೆ, ಇಲ್ಲಿ ಬಳೆ ನೋಡಿ ಕೈ ಮಾಡಿಕೊಳ್ಳುವುದು.

ತಂತಿಗೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆ ತೊಡಿಸಿ ಗೋಡೆಯ ಎರಡೂ ಬದಿಗೆ, ಗೇಣಿನೊಳಗೆ, ಕ್ಲಿಪ್ಪಿನಿಂದ ಬಿಗಿಯಬೇಕು. ತಂತಿ ಬಳೆಯಲ್ಲಿ ಆಡಬಾರದು. ಹೊಗೆ ಉಗುಳುವ ಕೊಳವೆಯಿಂದ, ತಿರುಗುವ ಪಟ್ಟಿಯಿಂದ, ಡೀಸೆಲ್ ಕೊಳವೆಯಿಂದ ಅದನ್ನು ದೂರ ಒಯ್ಯಬೇಕು. ಮತ್ತೊಂದು ಚಿಕ್ಕ ಉಪಾಯವನ್ನು ನಮಗೆ ಒಬ್ಬ ಮುದುಕ ಮಿಸ್ತ್ರಿ ತೋರಿಸಿದ. ಇಂಜಿನ್ನಿನ ಬದಿಯಲ್ಲಿ ತಂತಿ ತೂತಿಗೆ ಮೇಲಿನಿಂದ ಇಳಿದು ಬರಬಾರದು, ಕೆಳಗಿನಿಂದ ಏರಿ ಬರಬೇಕು. ಮಳೆಯ ನೀರು ತಂತಿಯ ಬೆನ್ನ ಮೇಲೆ ಹರಿದು ಬರುತ್ತದಲ್ಲ, ಆ ಬಾಗಿನ ತಳದಲ್ಲಿ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಇಲ್ಲವಾದರೆ ಜುಲೈ ತಿಂಗಳ ಮಳೆ ನೇರವಾಗಿ ನಿಮ್ಮ ಫ್ಯೂಜಿನ ಪೆಟ್ಟಿಗೆಗೆ ಇಳಿಯುತ್ತದೆ. ಎಲ್ಲ ಮುಗಿದ ಮೇಲೆ ನೆಗೆಟಿವ್ ಕೊಂಡಿಯನ್ನು ಕಟ್ಟಕಡೆಗೆ ಬಿಗಿಯುವುದು.

ದೀಪ ಮತ್ತು ಹಾರ್ನಿನ ವಿಷಯದಲ್ಲಿ ದಪ್ಪ ತಂತಿಯನ್ನು ಗೋಡೆ ದಾಟಿಸುವ ಅಗತ್ಯವೇ ಇಲ್ಲ. ರಿಲೇ ಎಂಬ ಚಿಕ್ಕ ಡಬ್ಬಿಯನ್ನು ಇಂಜಿನ್ನಿನ ಬದಿಯಲ್ಲಿ ಕೂರಿಸಿದರೆ, ಭಾರದ ವಿದ್ಯುತ್ತು ಬ್ಯಾಟರಿಯಿಂದ ಫ್ಯೂಜು, ಫ್ಯೂಜಿನಿಂದ ರಿಲೇ, ರಿಲೇಯಿಂದ ದೀಪ ಹೀಗೆ ಆಚೆಯೇ ಓಡಾಡಿಕೊಂಡಿರುತ್ತದೆ. ಡ್ರೈವರನ ಗುಂಡಿಯಿಂದ ರಿಲೇಗೆ ಅಪ್ಪಣೆ ಒಯ್ಯುವ ಸಣ್ಣ ತಂತಿಯೊಂದೇ ಗೋಡೆ ದಾಟುತ್ತದೆ. ಆ ಸಣ್ಣ ತಂತಿಗೂ ಚಿಕ್ಕ ಫ್ಯೂಜು ಬೇಕೆಂಬುದನ್ನು ಮರೆಯಬಾರದು.

ಇಂಜಿನ್ ಕ್ಯಾಬಿನ್ನಿನ ಅಡಿಯಲ್ಲೇ ಇರುವ ಲಾರಿಗಳಲ್ಲಿ ಎದುರಿನ ಗೋಡೆಯಿಲ್ಲ. ಅಲ್ಲಿ ನೆಲದ ತಗಡೂ ಇಂಜಿನ್ನಿನ ಮುಚ್ಚಳವೂ ಆ ಕೆಲಸ ಮಾಡುತ್ತವೆ. ಅದೇ ಮುಚ್ಚಳದ ಮೇಲೆ ಕಂಬಳಿ ಹಾಸಿ ಕ್ಲೀನರ್ ಹುಡುಗರು ಮಲಗುತ್ತಾರೆ. ಆ ಜಾಗದಲ್ಲಿ ತೂತು ಕೊರೆಯಲು ಯಾರಿಗೂ ಬಿಡಬೇಡಿರಿ. ಕ್ಯಾಬಿನ್ ಮುಂದಕ್ಕೆ ಬಾಗುವ ಲಾರಿಯಾದರೆ ತಂತಿ ಕೀಲಿನ ಹತ್ತಿರದಿಂದ, ಬಾಗಿದಾಗ ಜಗ್ಗದಷ್ಟು ಸಡಿಲಾಗಿ ಬರಬೇಕು. ಬಿಗಿಯಾಗಿದ್ದರೆ ಮೊದಲ ಸಲ ಕ್ಯಾಬಿನ್ ಬಾಗಿಸಿದಾಗಲೇ ಹರಿಯುತ್ತದೆ.

ಕಾಯಿದೆಯ ಮಾತನ್ನೂ ಸ್ವಲ್ಪ ಆಡಿಬಿಡುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಕಾರ್ಖಾನೆ ಗೊತ್ತುಮಾಡಿದ ವಾಹನದ ವಿವರಗಳನ್ನು ಮನಬಂದಂತೆ ಬದಲಾಯಿಸಕೂಡದೆನ್ನುತ್ತದೆ. ಹಲವು ಸ್ವರಗಳ ಕರ್ಕಶ ಹಾರ್ನನ್ನು 1989ರ ನಿಯಮಗಳು ನಿಷೇಧಿಸಿವೆ. ಹಾಗಿದ್ದರೂ ಅದಕ್ಕಾಗಿ ತೂತು ಕೊರೆಸುವವರು ಎಷ್ಟಿಲ್ಲ! 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ನಿಗಿಂತ ಹೆಚ್ಚು ತೂಕದ ಸರಕಿನ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಇದು ಒಳ್ಳೆಯ ನಿಯಮ. ಕ್ಯಾಬಿನ್ನಿನ ಸೆಕೆಯಲ್ಲಿ ಬೇಯುವವನ ಕಷ್ಟ ಇಷ್ಟು ವರ್ಷದ ಮೇಲಾದರೂ ಸರಕಾರದ ಗಮನಕ್ಕೆ ಬಂದಿತಲ್ಲ. ಆದರೆ ಹಳೆಯ ಲಾರಿಯವರು ಅದನ್ನು ನೋಡಿ ತಮ್ಮದಕ್ಕೂ ಬೀದಿಯಲ್ಲಿ ಹಾಕಿಸತೊಡಗಿದರೆ ಭಾರಿ ತಂತಿಗಳೂ ಅನಿಲದ ಕೊಳವೆಗಳೂ ಈ ಗೋಡೆಯನ್ನೇ ದಾಟಬೇಕು. 2025ರ ಅಕ್ಟೋಬರ್ 14ರಂದು ಜೈಸಲ್ಮೇರಿನಿಂದ ಜೋಧಪುರಕ್ಕೆ ಹೊರಟ ಖಾಸಗಿ ಬಸ್ಸು ಹೊತ್ತಿ ಉರಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹವಾನಿಯಂತ್ರಣದ ವೈರಿಂಗಿನಲ್ಲಿ ಶಾರ್ಟ್ ಆಗಿರಬಹುದೆಂಬ ಶಂಕೆ ಆಗ ವ್ಯಕ್ತವಾಗಿತ್ತು.

ಕಚೇರಿಯ ಮಿತ್ರರಿಗೆ ಒಂದು ಮಾತು. ಇದು ಡ್ರೈವರುಗಳ ವಿಷಯ, ನಮಗೇನೆಂದು ಕೆಲವರು ಅಂದುಕೊಂಡಿರಬಹುದು. ಗ್ಯಾರೇಜಿನ ಬಿಲ್ಲು ನಿಮ್ಮ ಮೇಜಿಗೆ ಬರುತ್ತದೆ. ರಬ್ಬರ್ ಬಳೆ, ಫ್ಯೂಜಿನ ಡಬ್ಬಿ, ಕೊಳವೆ ಎಂದು ಮೂರು ಸಾಲು ಇದ್ದರೆ, ಚಿಲ್ಲರೆ ಸಾಮಾನೆಂದು ಕೆಂಪು ಗೀಟು ಎಳೆಯುವ ರೂಢಿಯುಂಟು. ಒಂದು ಸಲ ಗೀಟು ಬಿದ್ದರೆ ಮುಂದಿನ ಸಲ ಮಿಸ್ತ್ರಿ ಅವನ್ನು ಹಾಕುವುದಿಲ್ಲ. ಹಾಕಿ ಕೈಯಿಂದ ಕಳೆದುಕೊಳ್ಳಲು ಅವನಿಗೇನು ಹುಚ್ಚೆ? ಇದಕ್ಕೆ ವಿರುದ್ಧವಾಗಿ, ಹೊಸ ದೀಪದ ಬಿಲ್ಲು ಬಂದು ಅದರಲ್ಲಿ ಆ ಮೂರು ಸಾಲು ಇಲ್ಲದಿದ್ದರೆ, “ಇವೆಲ್ಲಿ?” ಎಂದು ಕೇಳುವ ಅಧಿಕಾರ ನಿಮ್ಮ ಲೇಖನಿಗೆ ಇದೆ. ಮಾಲೀಕರು ಕೇಳಿದರೆ ಲಾರಿ ಸುಟ್ಟರೆ ಬರುವ ನಷ್ಟವನ್ನು ತೋರಿಸಿರಿ. ಆ ಭಾಷೆ ಅವರಿಗೆ ಬೇಗ ತಿಳಿಯುತ್ತದೆ.

ಡ್ರೈವರು ಮತ್ತು ಕ್ಲೀನರ್ ಬಂಧುಗಳಿಗೆ ಹೇಳುವುದಿಷ್ಟು. ತಿಂಗಳಿಗೊಮ್ಮೆ ಗೋಡೆಯ ಎರಡೂ ಬದಿಯನ್ನು ಬೆಳಕು ಹಿಡಿದು ನೋಡಿರಿ. ಬಳೆಯಿಲ್ಲದ ತೂತು, ಬಿಚ್ಚಿದ ಟೇಪು, ಹೊಳೆಯುವ ತಾಮ್ರ ಕಂಡರೆ ಹಾಗೆಯೇ ಓಡಿಸಬೇಡಿರಿ. ಲಾರಿಯಲ್ಲಿ ಬ್ಯಾಟರಿ ಕತ್ತರಿಸುವ ಸ್ವಿಚ್ಚಿದ್ದರೆ ಅದು ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿರಲಿ. ಇಲ್ಲದಿದ್ದರೆ ಬ್ಯಾಟರಿಯ ಕೊಂಡಿಗೆ ಸರಿಹೊಂದುವ ಪಾನಾ ಯಾವಾಗಲೂ ಒಂದೇ ಜಾಗದಲ್ಲಿರಲಿ. ಸುಟ್ಟ ವಾಸನೆ ಬಂದರೆ ಮೊದಲು ಇಳಿಯಿರಿ, ಆಮೇಲೆ ಹುಡುಕಿರಿ. ಉರಿ ಎದ್ದಿದ್ದರೆ ಬಾನೆಟ್ಟನ್ನು ಪೂರ್ತಿ ಎತ್ತಬೇಡಿರಿ, ಗಾಳಿ ಸಿಕ್ಕಿ ಹೆಚ್ಚುತ್ತದೆ. ಡೀಸೆಲಿಗೆ ಹತ್ತಿದ ಬೆಂಕಿಗೆ ನೀರು ಎರಚಬೇಡಿರಿ, ಒಣಪುಡಿಯ ಸಿಲಿಂಡರನ್ನು ಬಳಸಿರಿ. ಅದು ಆರದಿದ್ದರೆ ಸಾಮಾನಿನ ಆಸೆ ಬಿಟ್ಟು ದೂರ ಸರಿಯಿರಿ, 101ಕ್ಕೋ 112ಕ್ಕೋ ಫೋನು ಮಾಡಿರಿ. ಮತ್ತು ಕ್ಲೀನರ್ ಹುಡುಗ ವಾಸನೆ ಬರುತ್ತಿದೆಯೆಂದು ಎಬ್ಬಿಸಿದರೆ ಏಳಿರಿ.

ಫ್ಯೂಜಿನ ಬಣ್ಣಗಳ ಪಟ್ಟಿಯನ್ನೂ ತಂತಿಯ ದಪ್ಪದ ಲೆಕ್ಕವನ್ನೂ ಕನ್ನಡದಲ್ಲಿ ಬರೆದು ಪತ್ರಿಕೆಗಳ ಮೇಜಿನ ಮೇಲಿನ ಫಲಕಕ್ಕೆ ಅಂಟಿಸಿದ್ದೇವೆ, ಬೇಕಾದವರು ನಕಲು ಮಾಡಿಕೊಳ್ಳಬಹುದು. ನಾಲ್ಕು ಅಳತೆಯ ರಬ್ಬರ್ ಬಳೆಗಳ ಮಾದರಿಗಳನ್ನೂ ಕಪಾಟಿನಲ್ಲಿ ಇರಿಸಿದ್ದೇವೆ. ಅಂಗಡಿಗೆ ತೋರಿಸಲು ಒಯ್ಯುವವರು ವಹಿಯಲ್ಲಿ ಹೆಸರು ಬರೆದು, ಮರುದಿನ ತಂದಿರಿಸಬೇಕಾಗಿ ಕೋರುತ್ತೇವೆ.